ನೀಳ್ಗೂದಲಿನ ಬೇಟೆನಾಯಿ: ಅಫ್ಘಾನ್ ತಳಿಯ ಹಿನ್ನೆಲೆ ಮತ್ತು ಪಾಲನೆ

ಕನ್ನಡ ಪಂಡಿತನೊಬ್ಬನು ಸಂಸ್ಮರಣ ಸಂಪುಟಕ್ಕೆ ಲೇಖನ ಬರೆಯಲು ಕುಳಿತರೆ ಛಂದಸ್ಸನ್ನೋ ಶಾಸನವನ್ನೋ ಅಲಂಕಾರಶಾಸ್ತ್ರವನ್ನೋ ಎತ್ತಿಕೊಳ್ಳುವುದು ರೂಢಿ. ನಾನು ನಾಯಿಯನ್ನು ಎತ್ತಿಕೊಂಡಿರುವುದನ್ನು ಕೇಳಿ ಸಹೋದ್ಯೋಗಿ ಮಿತ್ರರು ನಕ್ಕರು. ಆದರೆ ನಮ್ಮದು ನಾಯಿಗೆ ಕಲ್ಲು ನಿಲ್ಲಿಸಿದ ನಾಡು. ಕ್ರಿ. ಶ. ೯೫೦ರ ಸುಮಾರಿನ ಆತಕೂರು ಶಾಸನವು, ಮಣಲೇರನೆಂಬ ವೀರನು ತನ್ನ ಒಡೆಯನಿಂದ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿಯು ಹಂದಿಯೊಡನೆ ಹೋರಾಡಿ ಮಡಿದುದನ್ನು ಹೇಳುತ್ತದೆ. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆದ್ದರಿಂದ ಬೇಟೆನಾಯಿಯ ವಿಚಾರವು ಪಂಡಿತನಿಗೆ ತೀರ ಅನ್ಯವಾದುದೇನಲ್ಲ.

ಆದರೂ ನಾನು ಈ ವಿಷಯಕ್ಕೆ ಬಂದುದು ಶಾಸನದ ದಾರಿಯಿಂದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಉದ್ಯೋಗನಿಮಿತ್ತ ಪರದೇಶಕ್ಕೆ ಹೊರಟಾಗ, ಹತ್ತು ತಿಂಗಳ ಒಂದು ಹೆಣ್ಣು ಅಫ್ಘಾನ್ ನಾಯಿಯನ್ನು ನನ್ನ ಮನೆಗೆ ಕರೆತಂದು, “ಗುರುಗಳೇ, ಎರಡು ವರ್ಷ ಇದಕ್ಕೆ ನಿಮ್ಮ ಅಂಗಳದಲ್ಲಿ ಜಾಗ ಕೊಡಬೇಕು, ಬೇರೆಯವರ ಕೈಗೆ ಒಪ್ಪಿಸಲು ಮನಸ್ಸು ಬಾರದು” ಎಂದನು. ಶಿಷ್ಯನ ಮಾತನ್ನು ತೆಗೆದುಹಾಕಲಾರದೆ ಒಪ್ಪಿದೆನು. ಅದರ ನೀಳವಾದ ಕೂದಲನ್ನು ಕಂಡು ‘ಚಮರಿ’ ಎಂದು ಕರೆದೆನು. ಚಮರೀಮೃಗವು ತನ್ನ ಬಾಲದ ಒಂದು ಕೂದಲು ಪೊದೆಗೆ ಸಿಕ್ಕಿದರೂ ಅದು ಕಿತ್ತುಹೋದೀತೆಂದು ಅಲ್ಲಿಯೇ ನಿಂತು ಬೇಡನ ಕೈಗೆ ಸಿಕ್ಕುತ್ತದೆ ಎಂಬುದು ಕವಿಸಮಯ. ಆ ಹೆಸರು ಎಷ್ಟರಮಟ್ಟಿಗೆ ನಿಜವಾಗಲಿದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಈಚೆಗೆ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು, ಮನೆಯ ಮಕ್ಕಳು ಇಂತಹ ನಾಯಿಯನ್ನೇ ಬಯಸುತ್ತಾರೆಂದೂ ತರಬಹುದೇ ಎಂದೂ ಕೇಳಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ನಾನು ಓದಿ ತಿಳಿದುದನ್ನೂ ಪೆಟ್ಟುತಿಂದು ಕಲಿತುದನ್ನೂ ಇಲ್ಲಿ ಒಟ್ಟಾಗಿ ನಿವೇದಿಸುತ್ತೇನೆ.

ನಾಮವಿಚಾರ

ಈ ತಳಿಗೆ ‘ಅಫ್ಘಾನ್ ಹೌಂಡ್’ ಎಂಬ ಹೆಸರು ಪರರು ಕೊಟ್ಟದ್ದು. ತವರಿನಲ್ಲಿ ಇದನ್ನು ‘ತಾಜಿ’ ಎನ್ನುತ್ತಾರೆ. ಪಾರಸಿ ಭಾಷೆಯಲ್ಲಿ ತಾಜಿ ಎಂದರೆ ಅರಬರಿಗೆ ಸಂಬಂಧಿಸಿದ್ದು ಎಂದರ್ಥ. ಅರಬೀ ತಳಿಯ ಕುದುರೆಗೂ ವೇಗದ ಬೇಟೆನಾಯಿಗೂ ಒಂದೇ ಶಬ್ದ ಸಂದಿತು. ಕುದುರೆಯೆಂಬ ಅರ್ಥದ ನಮ್ಮ ‘ತೇಜಿ’ ಎಂಬ ಶಬ್ದವೂ ಈ ಕುಲದ್ದೇ ಎಂದು ಎಣಿಸಲಾಗಿದೆ. ಕುದುರೆಯ ಮೇಲೇರಿ ಬಂದ ಶಬ್ದವು ನಮ್ಮಲ್ಲಿ ನೆಲೆನಿಂತಿತು; ನಾಯಿಯ ಜೊತೆ ಹೊರಟ ಶಬ್ದವು ಬೆಟ್ಟಗಳಲ್ಲಿಯೇ ಉಳಿಯಿತು.

ಇನ್ನೊಂದು ಪಾರಸಿ ಶಬ್ದವನ್ನೂ ಇಲ್ಲಿ ನೆನೆಯಬೇಕು. ‘ಪಶ್ಮ್’ ಎಂದರೆ ಉಣ್ಣೆ. ನಮ್ಮ ಉತ್ತರ ಕರ್ನಾಟಕದಲ್ಲಿಯೂ ನೆರೆಯ ಮಹಾರಾಷ್ಟ್ರದಲ್ಲಿಯೂ ಕಾಣುವ ಬೇಟೆನಾಯಿಗಳಲ್ಲಿ ಕಿವಿ, ಕಾಲು, ಬಾಲಗಳಲ್ಲಿ ನೀಳ್ಗೂದಲುಳ್ಳ ಬಗೆಯನ್ನು ‘ಪಶ್ಮಿ’ ಎಂದು ಕರೆಯುವುದು ಈ ಶಬ್ದದಿಂದಲೇ. ಮುಧೋಳ ನಾಯಿಗೂ ಅಫ್ಘಾನ್ ನಾಯಿಗೂ ಇರುವ ದೂರದ ಬಾಂಧವ್ಯಕ್ಕೆ ಈ ಮಾತುಗಳೇ ಸಾಕ್ಷಿಯಾಗಿ ನಿಂತಿವೆ. ಎರಡೂ ವಾಸನೆಯ ಜಾಡು ಹಿಡಿದು ಹೋಗುವ ನಾಯಿಗಳಲ್ಲ. ಕಣ್ಣಿಂದ ಕಂಡು, ಓಡಿ ಹಿಡಿಯುವ ನಾಯಿಗಳು.

ನೆಲ ಮತ್ತು ಮೈಕಟ್ಟು

ನೋವಾನ ನಾವೆಯಲ್ಲಿ ಏರಿದ ನಾಯಿ ಇದೇ ಎಂದು ಕತೆಯುಂಟು. ಅದು ಕತೆ. ತಳಿಯ ಪ್ರಾಚೀನತೆಗೆ ಬೇರೆ ಬಗೆಯ ಆಧಾರವಿದೆ. ೨೦೦೪ರಲ್ಲಿ ೮೫ ತಳಿಗಳ ಆನುವಂಶಿಕ ದ್ರವ್ಯವನ್ನು ಹೋಲಿಸಿ ನೋಡಿದಾಗ, ಅಫ್ಘಾನ್ ನಾಯಿಯು ಆಧುನಿಕ ಯುರೋಪಿನ ತಳಿಗಳಿಂದ ಬೇರೆಯಾಗಿ, ತೋಳಕ್ಕೆ ಹತ್ತಿರವಾಗಿ ನಿಲ್ಲುವ ಕೆಲವೇ ತಳಿಗಳ ಗುಂಪಿನಲ್ಲಿ ಕಂಡುಬಂದಿತು. ಬೆಟ್ಟಗಳ ನಡುವೆ ಅನ್ಯ ತಳಿಗಳೊಡನೆ ಬೆರೆಯದೆ ಉಳಿದುದೂ ಇದಕ್ಕೆ ಕಾರಣವಾಗಿರಬಹುದೆಂದು ಅನಂತರದ ವಿದ್ವಾಂಸರು ಸೂಚಿಸಿದ್ದಾರೆ.

ಅಫ್ಘಾನಿಸ್ತಾನದ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಈ ನಾಯಿಯ ಒಂದೊಂದು ಅಂಗವೂ ಅರ್ಥವಾಗುತ್ತದೆ. ಅಲ್ಲಿ ಹಗಲು ಉರಿಬಿಸಿಲು, ರಾತ್ರಿ ಕಡುಚಳಿ. ಕಾಲಿಟ್ಟಲ್ಲಿ ಬಂಡೆ, ಕಲ್ಲು, ಕಣಿವೆ. ಮೊಲ, ನರಿ, ಜಿಂಕೆಗಳನ್ನು ಅಟ್ಟಿ ಹಿಡಿಯಬೇಕಾದ ನಾಯಿಗೆ ಬರಿಯ ನೇರ ಓಟ ಸಾಲದು. ಓಟದ ನಡುವೆ ತಟ್ಟನೆ ತಿರುಗಬೇಕು, ಹಾರಬೇಕು, ಹಾರಿದಲ್ಲಿ ಕಾಲು ಊರಬೇಕು. ಅದಕ್ಕಾಗಿ ಎದ್ದುಕಾಣುವ ಅಗಲವಾದ ಸೊಂಟದ ಎಲುಬುಗಳು, ದೊಡ್ಡದಾದ ಪಾದಗಳು, ದಪ್ಪನೆಯ ಅಂಗಾಲು. ಗಂಡುನಾಯಿಯ ಎತ್ತರ ಹೆಗಲಿನವರೆಗೆ ೬೮ರಿಂದ ೭೪ ಸೆಂಟಿಮೀಟರ್, ಹೆಣ್ಣಿನದು ಅದಕ್ಕಿಂತ ತುಸು ಕಡಿಮೆ; ತೂಕವೋ ಇಷ್ಟು ಎತ್ತರಕ್ಕೆ ಬಹಳ ಹಗುರ, ಸುಮಾರು ೨೩ರಿಂದ ೨೭ ಕಿಲೋಗ್ರಾಂ. ಬಾಲದ ತುದಿಯು ಉಂಗುರದಂತೆ ಸುತ್ತಿರುತ್ತದೆ.

ಇನ್ನು ಕೂದಲು. ಪಕ್ಕೆ, ಕಾಲು, ಕಿವಿ, ನೆತ್ತಿಗಳಲ್ಲಿ ರೇಷ್ಮೆಯಂತಹ ನೀಳ್ಗೂದಲು. ಮೋರೆಯ ಮೇಲೆಯೂ ಬೆನ್ನಿನ ಉದ್ದಕ್ಕೂ ಮಾತ್ರ ಗಿಡ್ಡ ಕೂದಲು. ಬೆನ್ನಿನ ಆ ಪಟ್ಟಿಯನ್ನು ‘ಜೀನು’ ಎನ್ನುತ್ತಾರೆ. ಅದು ಕತ್ತರಿಸಿ ಮಾಡಿದುದಲ್ಲ, ಪ್ರಾಯಕ್ಕೆ ಬಂದಾಗ ತಾನಾಗಿ ಮೂಡುವುದು. ಕೂದಲ ಬೆಳವಣಿಗೆಗೆ ‘ಇಲ್ಲಿಗೆ ಸಾಕು’ ಎಂದು ಹೇಳುವ ‘ಎಫ್‌ಜಿಎಫ್-೫’ ಎಂಬ ವಂಶವಾಹಿಯೊಂದು ಎಲ್ಲ ನಾಯಿಗಳಲ್ಲಿಯೂ ಇದೆ. ಅದು ಕೆಲಸಮಾಡದೆ ಹೋದಾಗ ಕೂದಲು ನೀಳವಾಗುತ್ತದೆ. ಈ ಗುಣವು ತಂದೆತಾಯಿ ಇಬ್ಬರ ಕಡೆಯಿಂದಲೂ ಬಂದಾಗ ಮಾತ್ರ ಪ್ರಕಟವಾಗುತ್ತದೆ. ಗಿಡ್ಡ ಕೂದಲಿನ ಜೋಡಿಗೆ ಒಮ್ಮೊಮ್ಮೆ ನೀಳ್ಗೂದಲಿನ ಮರಿ ಹುಟ್ಟುವ ಸೋಜಿಗಕ್ಕೆ ಕಾರಣವಿದು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ತವರಿನ ತಾಜಿಗೆ ಕೂದಲು ಇಷ್ಟಿಲ್ಲ. ಚಳಿಯನ್ನು ತಡೆಯುವಷ್ಟು, ಮುಳ್ಳುಕಲ್ಲುಗಳಿಂದ ಕಾಲನ್ನು ಕಾಯುವಷ್ಟು ಮಾತ್ರ ಅದಕ್ಕುಂಟು. ನೆಲಕ್ಕೆ ಇಳಿಬೀಳುವ ತೆರೆಯಂತಹ ಕೂದಲು ಬಂದುದು ಅನಂತರ. ಅದು ಹೇಗೆ ಬಂದಿತೆಂಬುದನ್ನು ಮುಂದೆ ಹೇಳುತ್ತೇನೆ.

ಪಶ್ಚಿಮಕ್ಕೆ ಪಯಣ

೧೯೦೭ರಲ್ಲಿ ಬ್ರಿಟಿಷ್ ಸೇನೆಯ ಕ್ಯಾಪ್ಟನ್ ಬಾರ್ಫ್ ಎಂಬವರು ಜರ್ದಿನ್ ಎಂಬ ಗಂಡುನಾಯಿಯನ್ನು ಭಾರತದಿಂದ ಇಂಗ್ಲೆಂಡಿಗೆ ಒಯ್ದರು. ಆ ವರ್ಷ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಪ್ರದರ್ಶನದಲ್ಲಿ ಅದು ಎಲ್ಲರ ಕಣ್ಣನ್ನೂ ಸೆಳೆಯಿತು; ಮುಂದೆ ಈ ತಳಿಯ ಲಕ್ಷಣವನ್ನು ನಿರ್ಣಯಿಸುವಾಗ ಜರ್ದಿನ್ನೇ ಮಾದರಿಯಾಯಿತು. ಮೊದಲ ಮಹಾಯುದ್ಧದಲ್ಲಿ ಈ ಕಾರ್ಯಕ್ಕೆ ತಡೆಯುಂಟಾಯಿತು.

ಯುದ್ಧಾನಂತರ ಎರಡು ಪ್ರವಾಹಗಳು ಹರಿದವು. ೧೯೨೦ರ ಸುಮಾರಿಗೆ ಮೇಜರ್ ಬೆಲ್-ಮರ್ರೇ ಮತ್ತು ಮಿಸ್ ಮ್ಯಾನ್ಸನ್ ಅವರು ಸ್ಕಾಟ್ಲೆಂಡಿಗೆ ತಂದ ನಾಯಿಗಳು ಬಯಲುನಾಡಿನವು: ಎತ್ತರ, ತೆಳುವು, ಕೂದಲು ವಿರಳ. ೧೯೨೫ರಲ್ಲಿ ಶ್ರೀಮತಿ ಮೇರಿ ಆಂಪ್ಸ್ ಅವರು ಕಾಬೂಲಿನಿಂದ ತಂದ ‘ಘಜ್ನಿ’ ಮನೆತನದ ನಾಯಿಗಳು ಬೆಟ್ಟನಾಡಿನವು: ತುಸು ಗಿಡ್ಡ, ಗಟ್ಟಿಮೈ, ಕೂದಲು ದಟ್ಟ. ನಿಜವಾದ ಅಫ್ಘಾನ್ ಯಾವುದೆಂದು ಉಭಯ ಪಕ್ಷಗಳಿಗೂ ವಾದವೇ ನಡೆಯಿತು. ಒಂದೇ ಕಾವ್ಯದ ಎರಡು ಓಲೆಪ್ರತಿಗಳನ್ನು ಹಿಡಿದುಕೊಂಡು, ತನ್ನ ಪಾಠವೇ ಶುದ್ಧವೆಂದು ಇಬ್ಬರು ಪಂಡಿತರು ಜಗಳಾಡಿದಂತೆ ಇದು. ಕಡೆಗೆ ಆದುದೂ ಸಂಪಾದಕರು ಮಾಡುವ ಕೆಲಸವೇ: ಎರಡು ಪಾಠಗಳೂ ಬೆರೆತವು. ಇಂದು ಕಾಣುವ ತಳಿಯು ಆ ಮಿಶ್ರಣದ ಫಲ.

ಅಮೆರಿಕೆಯ ತಳಿಸಂಘವು ೧೯೨೬ರಲ್ಲಿ ಇದನ್ನು ಮಾನ್ಯಮಾಡಿತು. ೧೯೫೭ರಲ್ಲಿ ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್ ಪ್ರದರ್ಶನದಲ್ಲಿ, ೧೯೮೭ರಲ್ಲಿ ಇಂಗ್ಲೆಂಡಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ ಅಫ್ಘಾನ್ ನಾಯಿಗಳು ಸರ್ವೋತ್ತಮ ಬಹುಮಾನವನ್ನು ಪಡೆದವು. ಹೀಗೆ ಬೇಟೆಯ ನಾಯಿಯು ನೋಟದ ನಾಯಿಯಾಯಿತು. ಪ್ರದರ್ಶನದ ಕಟ್ಟೆಯ ಮೇಲೆ ಕೂದಲಿಗೆ ಬೆಲೆ. ಆದ್ದರಿಂದ ಹೆಚ್ಚು ಕೂದಲಿನ ಜೋಡಿಗಳನ್ನೇ ಆಯ್ದು ಮರಿಮಾಡಿಸಲಾಗಿ, ತಲೆಮಾರಿನಿಂದ ತಲೆಮಾರಿಗೆ ಕೂದಲು ಬೆಳೆಯುತ್ತ ಹೋಯಿತು. ತವರಿನಲ್ಲಿ ಕವಚವಾಗಿದ್ದುದು ಇಲ್ಲಿ ಆಭರಣವಾಯಿತು. ಆಭರಣವು ಮೈಗೆ ತಕ್ಕಂತಿದ್ದರೆ ಮಾತ್ರ ಶೋಭೆ, ಮಿತಿಮೀರಿದರೆ ಹೊರೆ ಎಂಬುದೇ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚಾ’ದಲ್ಲಿ ಕಾವ್ಯದ ಬಗೆಗೆ ಪ್ರತಿಪಾದಿಸಿದ ತತ್ತ್ವದ ಸಾರ. ಜೀವಿಗೂ ಅದು ಸಲ್ಲುತ್ತದೆ.

ಇದೇ ತಳಿಗೆ ಇನ್ನೊಂದು ಪ್ರಸಿದ್ಧಿಯೂ ಬಂದಿತು. ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ೨೦೦೫ರ ಏಪ್ರಿಲ್ ೨೪ರಂದು ಹುಟ್ಟಿದ ಸ್ನಪ್ಪಿ, ಜಗತ್ತಿನ ಮೊದಲ ತದ್ರೂಪಿ ನಾಯಿ. ಅಫ್ಘಾನ್ ನಾಯಿಯ ಕಿವಿಯ ಜೀವಕೋಶದಿಂದ ರೂಪುಗೊಂಡ ಆ ಮರಿಯನ್ನು ಹೊತ್ತು ಹೆತ್ತುದು ಲ್ಯಾಬ್ರಡಾರ್ ತಳಿಯ ತಾಯಿ. ೧೦೯೫ ಭ್ರೂಣಗಳನ್ನು ೧೨೩ ನಾಯಿಗಳ ಗರ್ಭದಲ್ಲಿರಿಸಿದ ಮೇಲೆ ಬದುಕಿ ಬೆಳೆದುದು ಇದೊಂದೇ. ಅದು ೨೦೧೫ರಲ್ಲಿ ತೀರಿಕೊಂಡಿತು.

ಸ್ವಭಾವ

ಸ್ಟ್ಯಾನ್ಲಿ ಕೋರೆನ್ ಎಂಬ ಮನಶ್ಶಾಸ್ತ್ರಜ್ಞರು ೧೯೯೪ರಲ್ಲಿ ಪ್ರಕಟಿಸಿದ, ನಾಯಿಗಳ ಬುದ್ಧಿಯನ್ನು ಕುರಿತ ಗ್ರಂಥದಲ್ಲಿ, ಆಜ್ಞಾಪಾಲನೆಯ ಪಟ್ಟಿಯಲ್ಲಿ ಅಫ್ಘಾನಿಗೆ ದೊರೆತುದು ಕಟ್ಟಕಡೆಯ ಸ್ಥಾನ. ಚಮರಿಯನ್ನು ಸಾಕಿದ ನಾನು ಆ ಪಟ್ಟಿಯನ್ನು ಅಲ್ಲಗಳೆಯಲಾರೆ. ಅದರ ಒಡೆಯನು ಇಟ್ಟ ಹೆಸರಿಗೂ ಅದು ಓಗೊಡಲಿಲ್ಲ, ನಾನು ಇಟ್ಟ ಹೆಸರಿಗೂ ಓಗೊಡಲಿಲ್ಲ; ಕರೆದಾಗ ಕತ್ತು ತಿರುಗಿಸಿ, ನೋಡಿ, ಮತ್ತೆ ತನ್ನ ಪಾಡಿಗೆ ಮಲಗುತ್ತಿತ್ತು.

ಆದರೆ ಇದನ್ನು ಮಂದಬುದ್ಧಿಯೆನ್ನುವುದು ತಪ್ಪು. ಕಣ್ಣಿಗೆ ಬಿದ್ದ ಮೃಗದ ಹಿಂದೆ, ಬೇಟೆಗಾರನ ಕೂಗು ಕೇಳದಷ್ಟು ದೂರ ಓಡಿ, ಎಲ್ಲಿ ತಿರುಗಬೇಕು ಎಲ್ಲಿ ಹಾರಬೇಕೆಂದು ತಾನೇ ನಿಶ್ಚಯಿಸಬೇಕಾದ ನಾಯಿಯಿದು. ಒಡೆಯನ ಮುಖ ನೋಡುತ್ತ ನಿಲ್ಲುವ ಗುಣವಿದ್ದರೆ ಅಲ್ಲಿ ಬೇಟೆಯೇ ನಡೆಯುತ್ತಿರಲಿಲ್ಲ. ತರಗತಿಯಲ್ಲಿಯೂ ಕೇಳಿದೊಡನೆ ಕೈಯೆತ್ತದ ಹುಡುಗರಿರುತ್ತಾರೆ. ಅವರೆಲ್ಲ ದಡ್ಡರಲ್ಲವೆಂಬುದನ್ನು ಮೂವತ್ತು ವರ್ಷ ಪಾಠ ಹೇಳಿದವರು ಬಲ್ಲರು. ಬಡಿತದಿಂದ ಈ ನಾಯಿ ಕಲಿಯದು, ಮನಸ್ಸು ಮುದುಡಿಕೊಳ್ಳುತ್ತದೆ. ಸೌಮ್ಯವಾದ ಮಾತು, ಚಿಕ್ಕ ಪಾಠ, ಒಂದು ತುಣುಕು ತಿನಿಸು, ಇವುಗಳಿಂದ ತುಸುವಾದರೂ ಒಲಿಸಬಹುದು.

ಇದರಿಂದ ಹೊರಡುವ ವಿಧಿ ಒಂದು: ಬೇಲಿಯಿಲ್ಲದ ಬಯಲಿನಲ್ಲಿ ಹಗ್ಗವನ್ನು ಬಿಚ್ಚಬಾರದು. ಓಡುವ ಮೊಲವೋ ಬೆಕ್ಕೋ ಕಂಡಿತೆಂದರೆ ನಮ್ಮ ಕೂಗು ಅದಕ್ಕೆ ಕೇಳಿಸುವುದಿಲ್ಲ. ರಸ್ತೆಯಲ್ಲಿ ಬರುವ ಲಾರಿಯೂ ಕಾಣಿಸುವುದಿಲ್ಲ.

ಕೂದಲಿನ ಪಾಲನೆ

ಈಗ ನನ್ನ ತಪ್ಪಿಗೆ ಬರುತ್ತೇನೆ. ಚಮರಿ ನಮ್ಮ ಮನೆಗೆ ಬಂದುದು ಮಾಘದಲ್ಲಿ. ದಿನವೂ ಸಂಜೆ ಹಣಿಗೆ ಹಿಡಿದು ಬಾಚುತ್ತಿದ್ದೆನು, ಕೂದಲು ನುಣುಪಾಗಿ ಹೊಳೆಯುತ್ತಿತ್ತು, ನೋಡಿದವರು ಹೊಗಳುತ್ತಿದ್ದರು. ಚೈತ್ರದ ಹೊತ್ತಿಗೆ ಅದು ಮುಂಗಾಲನ್ನು ಎಳೆದು ನಡೆಯತೊಡಗಿತು. ಕಿವಿಯ ಬಳಿ ಕೈಯಿಟ್ಟರೆ ಗುರುಗುಟ್ಟಿತು. ಪಶುವೈದ್ಯರ ಬಳಿಗೆ ಒಯ್ದಾಗ ಅವರು ಮೇಲಿನ ಕೂದಲನ್ನು ಸರಿಸಿ ತೋರಿಸಿದರು. ಕಂಕುಳಲ್ಲಿ, ಕಿವಿಯ ಹಿಂದೆ, ತೊಡೆಯ ಸಂದಿಯಲ್ಲಿ ಬುಡದ ಕೂದಲು ಕಂಬಳಿಯಂತೆ ಗಂಟುಕಟ್ಟಿ, ಚರ್ಮವನ್ನು ಜಗ್ಗಿ, ಒಳಗೆ ಹುಣ್ಣು ಮಾಡಿತ್ತು. “ಪಂಡಿತರೇ, ನೀವು ಮೇಲೆ ಮೇಲೆ ಬಾಚಿದ್ದೀರಿ” ಎಂದಷ್ಟೇ ಅವರು ಹೇಳಿದರು. ಪದ್ಯವನ್ನು ಬಾಯಿಪಾಠ ಒಪ್ಪಿಸಿಕೊಂಡು ಅರ್ಥವನ್ನು ಕೇಳದ ಉಪಾಧ್ಯಾಯನ ಸ್ಥಿತಿ ನನ್ನದಾಗಿತ್ತು. ಆ ದಿನ ಸಿಕ್ಕನ್ನು ಕತ್ತರಿಸಿ ತೆಗೆಯಲು ಮೂರು ತಾಸು ಹಿಡಿಯಿತು. ನಾಯಿ ಕೂಗಲಿಲ್ಲ, ನಡುಗುತ್ತ ನಿಂತಿತ್ತು.

ಅನಂತರ ಕಲಿತುದನ್ನು ಕ್ರಮವಾಗಿ ಹೇಳುತ್ತೇನೆ.

ಒಂದು, ಸುಮಾರು ಒಂದು ವರ್ಷದ ಆಚೀಚೆ ಮರಿಗೂದಲು ಉದುರಿ ಪ್ರಾಯದ ಕೂದಲು ಬರುತ್ತದೆ. ಉದುರಿದ ಕೂದಲು ಕೆಳಗೆ ಬೀಳದೆ ಹೊಸ ಕೂದಲಿಗೆ ಸುತ್ತಿಕೊಳ್ಳುವುದರಿಂದ ಈ ಕೆಲವು ತಿಂಗಳು ಸಿಕ್ಕು ಅತಿ ಹೆಚ್ಚು. ನಮ್ಮ ಚಮರಿ ಬಂದುದು ಆ ವಯಸ್ಸಿನಲ್ಲಿಯೇ.

ಎರಡು, ಒಣಗೂದಲನ್ನು ಬಾಚಬಾರದು, ಅದು ತುಂಡಾಗುತ್ತದೆ. ನೀರನ್ನು ಹನಿಹನಿಯಾಗಿ ಚಿಮುಕಿಸಿ ತೇವಮಾಡಬೇಕು. ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಕೆಳಗಿನಿಂದ ಪದರ ಪದರವಾಗಿ ಬೈತಲೆ ತೆಗೆದು, ಪ್ರತಿ ಬೈತಲೆಯಲ್ಲಿಯೂ ಚರ್ಮ ಕಾಣುವಂತೆ, ಬುಡದಿಂದ ತುದಿಯವರೆಗೆ ಬಾಚಬೇಕು. ಮೊದಲು ತಂತಿಹಲ್ಲಿನ ಬ್ರಷ್ಷು, ಬಳಿಕ ಅಗಲ ಹಲ್ಲಿನ ಹಣಿಗೆ. ಹಣಿಗೆ ಎಲ್ಲಿಯೂ ತಡೆಯದೆ ಇಳಿದರೆ ಕೆಲಸ ಮುಗಿಯಿತೆಂದು ತಿಳಿಯಬೇಕು.

ಮೂರು, ಗಂಟು ಸಿಕ್ಕಿದರೆ ಎಳೆಯಬಾರದು. ಬೆರಳುಗಳಿಂದ ಎಳೆ ಎಳೆಯಾಗಿ ಬಿಡಿಸಬೇಕು. ಗಂಟಿರುವಾಗ ಸ್ನಾನ ಮಾಡಿಸಲೇಬಾರದು. ನೀರು ತಗುಲಿದರೆ ಗಂಟು ಬಿಗಿಯುತ್ತದೆ.

ನಾಲ್ಕು, ವಾರಕ್ಕೊಮ್ಮೆ ಇಲ್ಲವೆ ಎರಡು ವಾರಕ್ಕೊಮ್ಮೆ, ನಾಯಿಗಳಿಗೆಂದೇ ತಯಾರಾದ ಶಾಂಪೂವಿನಿಂದ ಸ್ನಾನ. ಕೂದಲನ್ನು ಉಜ್ಜದೆ, ಕೂದಲು ಇಳಿಬೀಳುವ ದಿಕ್ಕಿನಲ್ಲಿಯೇ ತೊಳೆಯಬೇಕು. ಸಾಬೂನಿನ ಅಂಶ ಉಳಿಯಬಾರದು. ಅನಂತರ ಬುಡದವರೆಗೆ ಒಣಗಿಸಬೇಕು. ಮಳೆಗಾಲದಲ್ಲಿ ತೇವವುಳಿದರೆ ಚರ್ಮರೋಗ ನಿಶ್ಚಿತ. ಸ್ನಾನ, ಒಣಗಿಸುವುದು, ಬಾಚುವುದು ಸೇರಿ ಅರ್ಧದಿನವಾದರೂ ಬೇಕು.

ಐದು, ನಮ್ಮ ಹೊಲಗಳ ಉತ್ತರಾಣಿ, ನೆಗ್ಗಿಲು ಮುಳ್ಳು, ಹುಲ್ಲಿನ ಮುಳ್ಳುತೆನೆಗಳು ಈ ಕೂದಲಿಗೆ ವೈರಿಗಳು. ಹೊರಗಿನಿಂದ ಬಂದೊಡನೆ ಕಾಲ್ಬೆರಳ ಸಂದು, ಕಿವಿಯ ಒಳಭಾಗ, ಕಂಕುಳು ಇವುಗಳನ್ನು ನೋಡಬೇಕು. ಉಣ್ಣಿಗಳನ್ನೂ ಆಗಲೇ ಹುಡುಕಬೇಕು; ಉಣ್ಣಿಯಿಂದ ಬರುವ ಜ್ವರ ನಮ್ಮ ಸೀಮೆಯಲ್ಲಿ ನಾಯಿಗಳ ಪ್ರಾಣ ತೆಗೆಯುವಂಥದು.

ಆರು, ಇಳಿಬಿದ್ದ ಕಿವಿಗಳು ಊಟದ ಬೋಗುಣಿಯಲ್ಲಿ ಅದ್ದಿ ಕೊಳೆಯಾಗುತ್ತವೆ. ಊಟದ ಹೊತ್ತಿಗೆ ಹಗುರವಾದ ಬಟ್ಟೆಯ ಕೊಳವೆಯನ್ನು ತಲೆಗೆ ತೊಡಿಸಿ ಕಿವಿಗಳನ್ನು ಹಿಂದಕ್ಕೆ ಹಿಡಿದಿಡಬಹುದು. ನನ್ನ ಮನೆಯವರು ಹಳೆಯ ಇಳಕಲ್ ಸೀರೆಯ ತುಂಡಿನಿಂದ ಇದನ್ನು ಹೊಲಿದುಕೊಟ್ಟರು.

ಪ್ರದರ್ಶನಕ್ಕೆ ಒಯ್ಯದವರು ಕೂದಲನ್ನು ಎರಡು ಮೂರು ಅಂಗುಲಕ್ಕೆ ಕತ್ತರಿಸಿ ಇಡುವುದು ತಪ್ಪಲ್ಲ. ನಾಯಿಗೆ ಅದು ಉಪಕಾರ. ಆದರೆ ಬೇಸಗೆಯೆಂದು ಚರ್ಮ ಕಾಣುವಂತೆ ಬೋಳಿಸಬಾರದು. ಬಿಸಿಲು ಚರ್ಮಕ್ಕೆ ನೇರವಾಗಿ ತಾಗುತ್ತದೆ. ಮೂರು ತಾಸಿನ ಆ ದಿನದ ನಂತರ ನಾನು ಒಡೆಯನಿಗೆ ಪತ್ರ ಬರೆದು ಅನುಮತಿ ಪಡೆದು ಕೂದಲನ್ನು ಗಿಡ್ಡವಾಗಿಯೇ ಇಟ್ಟೆನು. ಹೊಗಳುವವರು ಕಡಿಮೆಯಾದರು, ಚಮರಿ ಅಂಗಳದಲ್ಲಿ ಓಡತೊಡಗಿತು.

ಆಹಾರ, ವ್ಯಾಯಾಮ, ಆರೋಗ್ಯ

ನಮ್ಮದು ಶಾಕಾಹಾರದ ಮನೆ. ಮೊದಲು ಹಾಲು, ಜೋಳದ ರೊಟ್ಟಿಗಳನ್ನೇ ಹಾಕಿದೆವು. ಓಡುವ ಸ್ನಾಯುಗಳ ಪ್ರಾಣಿಗೆ ಅದು ಸಾಲದು. ಪಕ್ಕೆಗಳು ಎದ್ದವು, ಕೂದಲು ಮಂಕಾಯಿತು. ನಮ್ಮ ನೇಮ ನಮಗೆ. ನಾವು ಇಟ್ಟುಕೊಂಡ ನೇಮವನ್ನು ಕೇಳದೆ ಬಂದ ಜೀವದ ಹೊಟ್ಟೆಯ ಮೇಲೆ ಹೇರುವುದು ಧರ್ಮವಲ್ಲವೆಂದು ಯೋಚಿಸಿ, ವೈದ್ಯರು ಹೇಳಿದ ಸಿದ್ಧ ಆಹಾರವನ್ನು ತರಿಸಿ ಹಿತ್ತಲ ಕೋಣೆಯಲ್ಲಿಟ್ಟು ಅಲ್ಲಿಯೇ ಉಣಿಸಿದೆವು. ಇದಕ್ಕೆ ಒಪ್ಪದವರು ಈ ತಳಿಯನ್ನು ತರದಿರುವುದು ಲೇಸು. ದಿನದ ಆಹಾರವನ್ನು ಎರಡು ಹೊತ್ತಿಗೆ ಹಂಚಿ ಕೊಡಬೇಕು. ಉಂಡ ಕೂಡಲೆ ಓಡಿಸಬಾರದು, ಓಡಿದ ಕೂಡಲೆ ಉಣಿಸಬಾರದು. ಎದೆ ಆಳವಾದ ನಾಯಿಗಳಲ್ಲಿ ಜಠರವು ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಹೊಟ್ಟೆ ಬಿಗಿದು, ವಾಂತಿ ಬಾರದೆ ಓಕರಿಸುತ್ತಿದ್ದರೆ ಆ ಗಳಿಗೆಯೇ ವೈದ್ಯರ ಬಳಿಗೆ ಒಯ್ಯಬೇಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗಳಿಗೆ ವಿಷ.

ವ್ಯಾಯಾಮವನ್ನು ಬಯಲುಸೀಮೆಯ ಬೇಸಗೆಯಲ್ಲಿ ಸೂರ್ಯೋದಯಕ್ಕೆ ಮೊದಲು ಮತ್ತು ನೆಲ ತಣಿದ ಮೇಲೆ ಮಾತ್ರ ಮಾಡಿಸಬೇಕು. ಹಗಲು ನೆರಳು, ತಣ್ಣನೆಯ ಕಲ್ಲುನೆಲ, ಸದಾ ನೀರು ಬೇಕು. ಮೈಯಲ್ಲಿ ಕೊಬ್ಬು ಕಡಿಮೆಯಾದ್ದರಿಂದ ಮೊಣಕೈ, ಸೊಂಟಗಳು ನೋಯದಂತೆ ಮಲಗಲು ಮೆತ್ತನೆಯ ಹಾಸಿಗೆಯೂ ಇರಬೇಕು.

ಕೊಬ್ಬು ಕಡಿಮೆಯಿರುವುದರಿಂದ ಇನ್ನೊಂದು ಎಚ್ಚರವೂ ಅಗತ್ಯ. ಥಯೋಪೆಂಟಾಲ್ ಮೊದಲಾದ ಕೆಲವು ಅರಿವಳಿಕೆ ಮದ್ದುಗಳು ಈ ಜಾತಿಯ ನಾಯಿಗಳ ಮೈಯಿಂದ ಬೇಗ ಇಳಿಯುವುದಿಲ್ಲ. ಎಚ್ಚರವಾಗಲು ಬಹಳ ಹೊತ್ತು ಹಿಡಿಯುತ್ತದೆ, ಅಪಾಯವೂ ಉಂಟು. ಶಸ್ತ್ರಚಿಕಿತ್ಸೆಗೆ ಮುನ್ನ ತಳಿಯ ಹೆಸರನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಕಣ್ಣಿನ ಪೊರೆ, ಥೈರಾಯ್ಡ್ ಗ್ರಂಥಿಯ ಕೊರತೆ, ಎದೆಯಲ್ಲಿ ದ್ರವ ತುಂಬುವ ರೋಗ, ಇವು ಈ ತಳಿಯಲ್ಲಿ ಕಂಡುಬರುವ ಬೇನೆಗಳು. ರೇಬಿಸ್, ಡಿಸ್ಟೆಂಪರ್, ಪಾರ್ವೊ ಲಸಿಕೆಗಳನ್ನು ಕಾಲಕಾಲಕ್ಕೆ ಹಾಕಿಸಬೇಕು. ಚೆನ್ನಾಗಿ ಸಾಕಿದರೆ ಹನ್ನೆರಡರಿಂದ ಹದಿನಾಲ್ಕು ವರ್ಷ ಬಾಳುತ್ತದೆ. ಮನೆಗೆ ತರುವವರು ಅಷ್ಟು ವರ್ಷಗಳ ಹೊಣೆಯನ್ನೂ ಜೊತೆಯಲ್ಲಿಯೇ ತರುತ್ತಾರೆ.

ಉಪಸಂಹಾರ

ಶಿಷ್ಯನು ಎರಡು ವರ್ಷಗಳ ಬಳಿಕ ಬಂದು ಚಮರಿಯನ್ನು ಕರೆದೊಯ್ದನು. ಗಿಡ್ಡ ಕೂದಲನ್ನು ಕಂಡು ಅವನ ಮುಖ ತುಸು ಕುಂದಿತು. ಕಂಕುಳಲ್ಲಿ ಉಳಿದಿದ್ದ ಹಳೆಯ ಗಾಯದ ಕಲೆಯನ್ನು ತೋರಿಸಿ ನಡೆದುದನ್ನು ಮುಚ್ಚದೆ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೀಗೆಯೇ ಇರಲಿ, ಗುರುಗಳೇ” ಎಂದನು.

ಹಾಗಾದರೆ ಈ ನಾಯಿಯನ್ನು ತರಬಹುದೇ? ದಿನವೂ ಒಂದು ತಾಸು, ವಾರದಲ್ಲಿ ಅರ್ಧದಿನ, ಬೇಲಿಯುಳ್ಳ ಬಯಲು, ಹನ್ನೆರಡು ವರ್ಷಗಳ ತಾಳ್ಮೆ ಇವಿಷ್ಟೂ ಉಳ್ಳವರು ತರಬಹುದು. ಕೂದಲನ್ನು ನೋಡಿ ಮಾತ್ರ ಬಯಸಿದವರು ತರಬಾರದು. ಕವಿಗಳ ಚಮರಿಯು ತನ್ನ ಕೂದಲ ಮೇಲಿನ ಅಭಿಮಾನದಿಂದ ತಾನೇ ಕೆಡುತ್ತದೆ. ನಾವು ಸಾಕಿದ ಚಮರಿಯು ಅದರ ಕೂದಲ ಮೇಲೆ ನಮಗಿರುವ ಅಭಿಮಾನದಿಂದ ಕೆಡುತ್ತದೆ. ತವರಿನ ನೆಲವೂ ಕೆಲಸವೂ ಆ ಕೂದಲನ್ನು ಮಿತಿಯಲ್ಲಿಟ್ಟಿದ್ದವು. ಅವೆರಡನ್ನೂ ತಪ್ಪಿಸಿದ ಮನುಷ್ಯನು, ಅವು ಮಾಡುತ್ತಿದ್ದ ಕೆಲಸವನ್ನು ತನ್ನ ಕೈಯಿಂದ ಮಾಡಲೇಬೇಕು.

ಬೇಟೆನಾಯಿಯ ನಿಲುವನ್ನೂ ಓಟವನ್ನೂ ಮೆಚ್ಚಿದವರಿಗೆ ಇನ್ನೊಂದು ದಾರಿಯುಂಟು. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯು ನಮ್ಮ ಬಿಸಿಲಿಗೂ ನೆಲಕ್ಕೂ ಒಗ್ಗಿದ್ದು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಅದನ್ನು ಪೋಷಿಸಿದರು. ೨೦೦೫ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಅದರ ಸಂಶೋಧನೆಗೆಂದೇ ಕೇಂದ್ರವೊಂದಿದೆ. ಕಿವಿ, ಬಾಲಗಳ ನೀಳ್ಗೂದಲನ್ನೇ ನೋಡಬೇಕೆಂಬ ಆಸೆಯಿದ್ದವರಿಗೆ ಅವುಗಳ ನಡುವೆ ಪಶ್ಮಿಯೂ ಉಂಟು. ಅದರ ಕೂದಲು ಅದು ಹೊರುವಷ್ಟೇ ಇದೆ.

ಪ್ರಾಣಿಶಾಸ್ತ್ರವನ್ನು ಓದದ ಪಂಡಿತನ ಬರಹವಿದು. ಬಲ್ಲವರು ತಪ್ಪುಗಳನ್ನು ತಿದ್ದಿಕೊಳ್ಳಬೇಕು. ನನ್ನ ಕೈಯಿಂದ ಒಂದು ಮೂಕಜೀವಕ್ಕಾದ ನೋವು ಇದನ್ನು ಓದಿದವರ ಮನೆಯಲ್ಲಿ ಮತ್ತೊಂದಕ್ಕೆ ಆಗದಿದ್ದರೆ, ಈ ಲೇಖನಕ್ಕೆ ಸಂಪುಟದಲ್ಲಿ ಕೊಟ್ಟ ಪುಟಗಳು ಸಾರ್ಥಕ.